ಏಳು ಮಂದಿ, ಒಂದು ಟ್ಯೂಬು

ಓದುಗರ ಪ್ರಶ್ನೆ, ಡಾಕ್ಟರ್‌ಬಾಯಿ ಉತ್ತರ

ಈ ತಿಂಗಳ ಟಪಾಲಿನ ಕಟ್ಟು ಬಿಚ್ಚಿದರೆ ಅರ್ಧಕ್ಕಿಂತ ಹೆಚ್ಚು ಕಾಗದ ತುರಿಕೆಯವೇ. ಚಳಿಗಾಲ ಬಂತೆಂದರೆ ಹೀಗೇ. ಬಾಗಲಕೋಟೆಯಂಥ ಬಿಸಿಲೂರಲ್ಲೂ ಸಂಕ್ರಾಂತಿಯ ಹಿಂದೆ ಮುಂದೆ ಒಂದೊಂದು ಕೌದಿಯೊಳಗೆ ಮೂರು ಮೂರು ಮಂದಿ ಮುದುಡಿ ಮಲಗುತ್ತಾರೆ. ಕಜ್ಜಿ ಹುಳಕ್ಕೆ ಅದೇ ಸುಗ್ಗಿ.

ನಮ್ಮ ಕಡೆ ತುರಿಕೆಗೆ ‘ತಿಂಡಿ’ ಅನ್ನುತ್ತೇವೆ. ಹುಬ್ಬಳ್ಳಿಯಲ್ಲಿ ಓದುವಾಗ ಮೈಸೂರು ಕಡೆಯ ಸಹಪಾಠಿಯೊಬ್ಬನ ಎದುರು ಒಬ್ಬ ಅಜ್ಜ ಕೂತು, “ಹಗಲಿ ಏನಿಲ್ರಿ, ರಾತ್ರಿ ಬಾಳ ತಿಂಡ್ರಿ” ಅಂದ. ಇವನು ಕೇಸ್ ಪೇಪರಿನಲ್ಲಿ ‘ರಾತ್ರಿ ಊಟ ಹೆಚ್ಚು’ ಎಂದು ಬರೆದಿಟ್ಟ. ನಾವು ನಕ್ಕೆವು. ಆದರೆ ಆ ಅಜ್ಜ ಒಂದೇ ವಾಕ್ಯದಲ್ಲಿ ಕಾಯಿಲೆ ಯಾವುದೆಂದು ಹೇಳಿಬಿಟ್ಟಿದ್ದ. ರಾತ್ರಿ ಹೆಚ್ಚಾಗುವ ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೂ ಇರುವ ತುರಿಕೆ: ಇವೆರಡು ಕೇಳಿದರೆ ಕಜ್ಜಿಯ ಗುಮಾನಿ ಅರ್ಧ ಖಾತ್ರಿ.

ಕೂದಲು ಉದುರುವವರು, ಹಿಮ್ಮಡಿ ಒಡೆದವರು ಮುನಿಸಿಕೊಳ್ಳಬೇಡಿ. ನಿಮ್ಮ ಪಾಳಿ ಮುಂದಿನ ತಿಂಗಳು.

*

“ಡಾಕ್ಟರ್ ಬಾಯಾರಿಗೆ ನಮಸ್ಕಾರ್ರಿ. ನಮ್ಮದು ಮಗ್ಗದ ಮನಿ. ಅತ್ತಿ, ಮಾವ, ನಾವಿಬ್ರು, ಮೂರು ಮಕ್ಳು, ಕೂಡಿ ಏಳು ಮಂದಿ. ದೀಪಾವಳಿ ಮುಂದ ನಡುವಿನ ಮಗನ ಬೆರಳ ಸಂದ್ಯಾಗ ಗುಳ್ಳಿ ಎದ್ವು. ಆಮ್ಯಾಲ ನನಗ, ಆಮ್ಯಾಲ ಸಣ್ಣಾಕಿಗೆ. ರಾತ್ರಿ ಕೆರಕೊಂಡು ಕೆರಕೊಂಡು ನಿದ್ದಿ ಇಲ್ಲ. ಡಾಕ್ಟರು ಪರ್ಮೆಥ್ರಿನ್ ಕ್ರೀಮ್ ಬರದು ಕೊಟ್ರು. 30 ಗ್ರಾಮಿನ ಒಂದು ಟ್ಯೂಬು ಮೂರೂ ಮಂದಿ ಎಂಟು ದಿನ, ಗುಳ್ಳಿ ಇದ್ದಲ್ಲಿ ಹಚ್ಚಿಕೊಂಡ್ವಿ. ಕಡಿಮಿ ಆಧಂಗ ಆಗಿ ಮತ್ತ ಬಂತು. ಈಗ ನಾಕನೇ ಟ್ಯೂಬು ನಡದೈತಿ. ಔಷಧ ಡೂಪ್ಲಿಕೇಟ್ ಇರಬೇಕಂತಾರ ನಮ್ಮನಿಯವರು. ರಕ್ತ ಕೆಟ್ಟೈತಿ, ಬದನಿಕಾಯಿ ತಿನ್ನೂದ ಬಿಡ್ರಿ ಅಂತಾರ ಅತ್ತಿ. ಏನ್ ಮಾಡೂನ್ರಿ?”
ಹೆಸರು ಬೇಡ, ಬನಹಟ್ಟಿ

ತಂಗೀ, ಡೂಪ್ಲಿಕೇಟ್ ಅನ್ನುವ ಮೊದಲು ಒಂದು ಲೆಕ್ಕ ಮಾಡೋಣ. 30 ಗ್ರಾಂ ಕ್ರೀಮು, ಮೂರು ಮಂದಿ, ಎಂಟು ದಿನ. ಒಬ್ಬರಿಗೆ ದಿನಕ್ಕೆ ಒಂದೂಕಾಲು ಗ್ರಾಂ ಬಂತು. ಅಷ್ಟರಲ್ಲಿ ಒಂದು ತೋಳಿಗೂ ಸರಿಯಾಗಿ ಆಗುವುದಿಲ್ಲ. ದೊಡ್ಡವರೊಬ್ಬರಿಗೆ ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಸಲ ಹಚ್ಚಲು ಹೆಚ್ಚುಕಡಿಮೆ ಆ ಇಡೀ ಟ್ಯೂಬೇ ಬೇಕು. ಹತ್ತು ಸೀರೆಯ ನೂಲಿನಲ್ಲಿ ಇಪ್ಪತ್ತು ಸೀರೆ ನೇಯಲು ಕೂತರೆ ಏನಾದೀತೆಂದು ಮಗ್ಗದವರಿಗೆ ನಾನು ಹೇಳಬೇಕೆ?

ಈಗ ಹುಳದ ಸಂಗತಿ ಕೇಳಿ. ಅದು ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಬರಿಗಣ್ಣಿಗೆ ಕಂಡರೆ ಒಂದು ಬಿಳಿ ಚುಕ್ಕೆ. ಹೆಣ್ಣು ಹುಳ ಚರ್ಮದ ಮೇಲ್ಪದರದೊಳಗೆ ಸುರಂಗ ಕೊರೆದುಕೊಂಡು, ದಿನಕ್ಕೆ ಎರಡೋ ಮೂರೋ ತತ್ತಿ ಇಡುತ್ತ ತಿಂಗಳು, ಒಂದೂವರೆ ತಿಂಗಳು ಬದುಕುತ್ತದೆ. ತತ್ತಿ ಮೂರು ನಾಲ್ಕು ದಿನಕ್ಕೆ ಒಡೆದು ಮರಿಯಾಗುತ್ತದೆ, ಮರಿ ಎರಡು ವಾರದೊಳಗೆ ಬಲಿಯುತ್ತದೆ. ಮೈತುಂಬ ಕಜ್ಜಿ ಎದ್ದವರ ಮೈಮೇಲೂ ಸಾಮಾನ್ಯವಾಗಿ ಹತ್ತು ಹದಿನೈದಕ್ಕಿಂತ ಹೆಚ್ಚು ಹುಳ ಇರುವುದಿಲ್ಲ ಅಂದರೆ ನಂಬುತ್ತೀರಾ? ಮೈಗೆಲ್ಲ ತುರಿಕೆ ಎಬ್ಬಿಸುವುದು ಹುಳದ, ತತ್ತಿಯ, ಅದರ ಲದ್ದಿಯ ಅಲರ್ಜಿ. ಹುಳ ಬೆರಳ ಸಂದಿಯಲ್ಲಿರುತ್ತದೆ, ನೀವು ಹೊಟ್ಟೆ ಕೆರೆಯುತ್ತಿರುತ್ತೀರಿ. ಹೊಟ್ಟೆಯ ಗುಳ್ಳೆಗೆ ಕ್ರೀಮು ಹಚ್ಚಿದರೆ ಬೆರಳ ಸಂದಿಯ ಹುಳಕ್ಕೆ ಏನಾಗಬೇಕು?

ಇನ್ನೊಂದು ಮಾತು, ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಮೊದಲ ಸಲ ಕಜ್ಜಿ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಮನುಷ್ಯ ಆರಾಮಾಗಿರುತ್ತಾನೆ, ಹುಳ ಮಾತ್ರ ಅವನ ಮೈಮೇಲೆ ಸಂಸಾರ ಹೂಡಿರುತ್ತದೆ. “ನನಗೇನೂ ಆಗಿಲ್ಲ, ನನಗ್ಯಾಕ ಮುಲಾಮು” ಅನ್ನುವವರಿಂದಲೇ ವಾಸಿಯಾದವರಿಗೆ ಮತ್ತೆ ಹತ್ತುತ್ತದೆ. ನಿಮ್ಮ ನಾಲ್ಕು ಟ್ಯೂಬು ಹೋದದ್ದು ಈ ದಾರಿಯಲ್ಲೇ.

ಈ ಪಾಠ ನಾನೂ ತಡವಾಗಿಯೇ ಕಲಿತೆ. ಊರು ಆಲಮಟ್ಟಿಯ ಹಿನ್ನೀರಿಗೆ ಹೆದರಿ ನವನಗರಕ್ಕೆ ಏಳುವ ಮೊದಲು, ಹಳೇ ಬಾಗಲಕೋಟೆಯ ಒಂದು ಸಂದಿಯಲ್ಲಿ ನನ್ನ ದವಾಖಾನೆ ಇತ್ತು. ಪೇರಲಹಣ್ಣು ಮಾರುವ ಹೆಣ್ಣುಮಗಳೊಬ್ಬಳು ತಿಂಗಳಲ್ಲಿ ಮೂರು ಸಲ ಬಂದಳು. ಮೂರು ಸಲವೂ ನಾನು ಜಾಣೆಯಂತೆ ಔಷಧದ ಹೆಸರು ಬದಲಿಸಿದೆ. ಮೂರನೇ ಸಲ ಅವಳ ಬಗಲಲ್ಲಿದ್ದ ಕೂಸು ಅವಳ ಭುಜಕ್ಕೆ ಕಾಲು ತಿಕ್ಕುತ್ತಿತ್ತು, ಹಿಂದೆ ನಿಂತ ಅತ್ತೆ ಮಣಿಕಟ್ಟು ಕೆರೆಯುತ್ತಿದ್ದಳು. “ಮನ್ಯಾಗ ಎಷ್ಟ್ ಮಂದಿ ಬಾಜೂಕ ಬಾಜೂಕ ಮಲಗ್ತೀರವ್ವಾ?” ಅಂತ ಕೇಳಿದೆ. ಅವಳು ಬೆರಳು ಮಡಚುತ್ತ ಹೋದಳು, ಒಂದು ಕೈ ಮುಗಿಯಿತು, ಇನ್ನೊಂದು ಕೈ ಎತ್ತಿದಳು. ಅಂದಿನಿಂದ ತುರಿಕೆ ಅಂತ ಯಾರು ಬಂದರೂ ಚರ್ಮ ನೋಡುವ ಮೊದಲು ಆ ಪ್ರಶ್ನೆ ಕೇಳುತ್ತೇನೆ.

ನಿಮ್ಮ ಮನೆಯ ಲೆಕ್ಕ ಹೀಗೆ: ದೊಡ್ಡವರು ನಾಲ್ಕು ಮಂದಿ, ತಲಾ ಒಂದು ಟ್ಯೂಬು. ಮಕ್ಕಳಿಗೆ ವಯಸ್ಸಿನ ಪ್ರಕಾರ ತಲಾ ಅರ್ಧ ಹಿಡಿಯಿರಿ. ಐದೂವರೆ ಆಯಿತು. ಒಂದು ವಾರ ಬಿಟ್ಟು ಇನ್ನೊಂದು ಸಲ. ಒಟ್ಟು ಹನ್ನೊಂದು ಟ್ಯೂಬು. ಖರ್ಚು ಹೌದು, ಒಪ್ಪುತ್ತೇನೆ. ಸರಕಾರಿ ಆಸ್ಪತ್ರೆಯಲ್ಲಿ ಕೇಳಿ ನೋಡಿ, ಮೆಡಿಕಲ್‌ನಲ್ಲಿ 60 ಗ್ರಾಮಿನದು ಸಿಕ್ಕರೆ ಅದನ್ನೇ ಕೊಳ್ಳಿ. ಮತ್ತೆ ನಾಲ್ಕು ಟ್ಯೂಬು ಬಿಡಿ ಬಿಡಿಯಾಗಿ ಹಾಳು ಮಾಡುವುದಕ್ಕಿಂತ ಇದು ಸೋವಿ.

ಹಚ್ಚುವ ರಾತ್ರಿ ಎಲ್ಲರದೂ ಒಂದೇ ಆಗಿರಬೇಕು. ಮಕ್ಕಳಿಗೆ ಮೊದಲು ಉಣ್ಣಿಸಿ, ಉಗುರು ಕತ್ತರಿಸಿ. ಹಂಡೆಯ ಬಿಸಿನೀರು ಸುರಿದುಕೊಂಡ ಕೂಡಲೇ ಹಚ್ಚಬೇಡಿ. ಮೈ ಒಣಗಿ ತಣ್ಣಗಾಗಲಿ. ಕಿವಿಯ ಹಿಂದಿನಿಂದ ಶುರು ಮಾಡಿ ಕುತ್ತಿಗೆ, ಕಂಕುಳು, ಎದೆಯ ಕೆಳಗಿನ ಮಡಿಕೆ, ಹೊಕ್ಕುಳ, ಲಂಗದ ಲಾಡಿ ಕಟ್ಟುವ ಜಾಗ, ತೊಡೆಸಂದಿ, ಕುಂಡಿ, ಕಾಲ್ಬೆರಳ ಸಂದಿ, ಅಂಗಾಲು. ಗುಳ್ಳೆ ಇರಲಿ ಬಿಡಲಿ, ಒಂದು ಗೇಣೂ ಬಿಡಬೇಡಿ. ಬಳೆ ಸರಿಸಿ ಹಚ್ಚಿ, ಕಾಲುಂಗುರದ ಅಡಿಗೆ ಹಚ್ಚಿ, ಮಕ್ಕಳ ಉಡದಾರದ ಕೆಳಗೆ ಹಚ್ಚಿ. ಉಡದಾರವನ್ನು ತೆಗೆದು ಹೊಸದು ಕಟ್ಟಿದರೆ ಇನ್ನೂ ಒಳ್ಳೆಯದು. ಉಗುರಿನ ಸಂದಿಗೂ ಒಂದಿಷ್ಟು ತುರುಕಿ. ಎರಡು ವರ್ಷದೊಳಗಿನ ಮಕ್ಕಳಿಗೆ ತಲೆಗೂ ಮುಖಕ್ಕೂ ಬೇಕು, ಕಣ್ಣು ಬಾಯಿ ಬಿಟ್ಟು. ಎಂಟರಿಂದ ಹದಿನಾಲ್ಕು ಗಂಟೆ ಮೈಮೇಲಿರಬೇಕು. ರಾತ್ರಿ ಒಂಬತ್ತಕ್ಕೆ ಹಚ್ಚಿದರೆ ಮುಂಜಾನೆ ಏಳೆಂಟಕ್ಕೆ ಸ್ನಾನ.

ಹೆಣ್ಣುಮಕ್ಕಳು ಸೋಲುವುದು ಒಂದೇ ಕಡೆ. ಎಲ್ಲರಿಗೂ ಹಚ್ಚಿ, ತಾನೂ ಹಚ್ಚಿಕೊಂಡು, ಆಮೇಲೆ ಮುಸುರಿ ತಿಕ್ಕಲು ಕೂರುತ್ತಾರೆ! ಹುಳ ಹೆಚ್ಚಾಗಿ ಇರುವ ಜಾಗವೇ ಕೈ, ಔಷಧ ಮೊದಲು ತೊಳೆದುಹೋಗುವುದೂ ಅಲ್ಲಿಂದಲೇ. ಆ ರಾತ್ರಿ ಪಾತ್ರೆ ತಿಕ್ಕಿ ಮುಗಿಸಿಯೇ ಹಚ್ಚಿಕೊಳ್ಳಿ, ಇಲ್ಲವೇ ನಿಮ್ಮ ಯಜಮಾನರು ತಿಕ್ಕಲಿ. ಮತ್ತೆ ಕೈಗೆ ನೀರು ತಾಗಿದರೆ ಮತ್ತೆ ಹಚ್ಚಿ.

ಇನ್ನು ಕೌದಿ. ಆಯಿ ಹೊಲಿದ ಕೌದಿಯನ್ನು ಹಿತ್ತಲಲ್ಲಿ ಇಟ್ಟು ಸುಟ್ಟವರನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದೇನೆ. ಅಷ್ಟು ದೊಡ್ಡ ಅಪರಾಧ ಕೌದಿಯದಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲು ಒಪ್ಪದ ಕೆಲವರನ್ನು ಸ್ವಯಂಸೇವಕರಾಗಿ ಕರೆದುಕೊಂಡು, ಕಜ್ಜಿಯವರು ಹೊದ್ದು ಬಿಟ್ಟ ಕಂಬಳಿಗಳಲ್ಲೇ ಮಲಗಿಸಿ ನೋಡಿದ. ಕಂಬಳಿಯಿಂದ ಹತ್ತಿದ್ದು ತೀರ ವಿರಳ. ಮೈಗೆ ಮೈ ತಾಗಿ ಮಲಗಿದರೇ ಹತ್ತುವುದು ಹೆಚ್ಚು ಎಂದು ಗೊತ್ತಾಯಿತು. ಮನುಷ್ಯನ ಮೈ ಬಿಟ್ಟ ಹುಳ ಎರಡು ಮೂರು ದಿನದೊಳಗೆ ಸಾಯುತ್ತದೆ. ಹಿಂದಿನ ಮೂರು ದಿನ ಉಟ್ಟ ತೊಟ್ಟ ಬಟ್ಟೆ, ಹಾಸಿಗೆಯ ಹೊದಿಕೆ, ಟವೆಲ್ಲುಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ನಾಲ್ಕು ದಿನ ಮೂಲೆಗಿಡಿ. ಗೊಬ್ಬರದ ಖಾಲಿ ಚೀಲ ಬೇಡ, ಹೊಸದು ತನ್ನಿ.

ಬದನೆಕಾಯಿಯ ಪಾಪ ಇದರಲ್ಲಿ ಏನೂ ಇಲ್ಲ. ರಕ್ತವೂ ಕೆಟ್ಟಿಲ್ಲ. ಅತ್ತೆಯವರಿಗೆ ಎದುರಾಡಬೇಡಿ, ಎಣ್ಣೆಗಾಯಿ ಮಾಡಿ ಉಣ್ಣಿಸಿ, ಬೆನ್ನಿಗೆ ಕ್ರೀಮು ನೀವೇ ಹಚ್ಚಿ. ಬೆನ್ನು ಯಾರಿಗೂ ತಮ್ಮ ಕೈಗೆ ಎಟುಕುವುದಿಲ್ಲ.

*

“ನಾನು ಬಿ.ಎಸ್ಸಿ. ಎರಡನೇ ವರ್ಷ, ಹಾಸ್ಟೆಲಿನಲ್ಲಿದ್ದೇನೆ. ಕಜ್ಜಿ ಎಂದು ಡಾಕ್ಟರು ಹೇಳಿದರು. ಕ್ರೀಮು ಹಚ್ಚಿದ ಮೇಲೂ ತುರಿಕೆ ನಿಂತಿಲ್ಲ, ಆದ್ದರಿಂದ 20 ದಿನದಿಂದ ದಿನಾ ರಾತ್ರಿ ಹಚ್ಚುತ್ತಿದ್ದೇನೆ. ಚರ್ಮ ಉರಿಯುತ್ತದೆ. ಗುಪ್ತಾಂಗದ ಮೇಲೆ ನಾಲ್ಕು ಗಟ್ಟಿ ಗಂಟುಗಳಾಗಿವೆ. ಇದು ಹೆಂಗಸರ ಸಹವಾಸದಿಂದ ಬರುವ ರೋಗ ಎಂದು ರೂಮಿನ ಗೆಳೆಯ ಹೇಳಿದಾಗಿನಿಂದ ಊರಿಗೂ ಹೋಗಿಲ್ಲ. ನಾನು ಅಂಥ ತಪ್ಪು ಮಾಡಿಲ್ಲ.”
ಹೆಸರು ಬೇಡ, ನವನಗರ, ಬಾಗಲಕೋಟೆ

ತಮ್ಮಾ, ಮೊದಲು ಆ ಟ್ಯೂಬು ಪಕ್ಕಕ್ಕಿಡು. ದಿನಾ ಹಚ್ಚುವ ಕ್ರೀಮಲ್ಲ ಅದು. ಈಗಿನ ಉರಿ ಬಹುಶಃ ಕ್ರೀಮಿನದೇ.

ಹುಳ ಸತ್ತ ಮೇಲೂ ಅದರ ಹೆಣ, ತತ್ತಿಯ ಸಿಪ್ಪೆ, ಲದ್ದಿ ಎಲ್ಲ ಚರ್ಮದೊಳಗೇ ಇರುತ್ತವೆ. ಚರ್ಮ ತಾನಾಗಿ ಉದುರಿ ಹೊಸದು ಬರುವವರೆಗೆ, ಅಂದರೆ ಎರಡರಿಂದ ನಾಲ್ಕು ವಾರ, ತುರಿಕೆ ಇದ್ದೇ ಇರುತ್ತದೆ. ಮೊದಲ ದಿನ ಒಂದು ತೂಕ ಹೆಚ್ಚೂ ಆದೀತು. ಕೊಬ್ಬರಿ ಎಣ್ಣೆ ಹಚ್ಚು, ಸಾಬೂನು ಕಡಿಮೆ ಮಾಡು, ರಾತ್ರಿಗೆ ಅಲರ್ಜಿಯ ಗುಳಿಗೆ ಬೇಕಾದರೆ ಡಾಕ್ಟರನ್ನು ಕೇಳು. ನಾಲ್ಕು ವಾರ ದಾಟಿದ ಮೇಲೂ ಹೊಸ ಗುಳ್ಳೆ, ಹೊಸ ಗೀರು ಏಳುತ್ತಿದ್ದರೆ ಮಾತ್ರ ಹುಳ ಉಳಿದಿದೆ ಅಥವಾ ಮತ್ತೆ ಹತ್ತಿದೆ ಎಂದು ತಿಳಿದು ತೋರಿಸು.

ಆ ಗಂಟುಗಳು ಕಜ್ಜಿಯವೇ ಇರಬೇಕು. ಗಂಡಸರಿಗೆ ಅಲ್ಲಿ ಗಂಟು ಕಟ್ಟುವುದು ಎಷ್ಟು ಸಾಮಾನ್ಯ ಅಂದರೆ, ನಾವು ಅದನ್ನು ನೋಡಿಯೇ ರೋಗ ಗುರುತಿಸುತ್ತೇವೆ. ಹುಳ ಸತ್ತು ತಿಂಗಳುಗಟ್ಟಲೆ ಆದರೂ ಕೆಲವೊಮ್ಮೆ ಉಳಿಯುತ್ತವೆ. ನಾಚಿಕೆ ಬಿಟ್ಟು ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸು. ನಮಗೆ ಅದು ಮೊಣಕೈ ಇದ್ದಂತೆ.

ನಿನ್ನ ಗೆಳೆಯ ಹೇಳಿದ್ದರಲ್ಲಿ ಪಾವು ನಿಜ. ಹಾಸಿಗೆ ಹಂಚಿಕೊಂಡವರಲ್ಲಿ ಹತ್ತುತ್ತದೆ, ದಂಪತಿಗಳಲ್ಲೂ ಹತ್ತುತ್ತದೆ. ಆದರೆ ಕೂಸನ್ನು ಎತ್ತಿಕೊಂಡ ಅಜ್ಜಿಗೂ ಹತ್ತುತ್ತದೆ, ಒಂದೇ ಚಾಪೆಯ ಮೇಲೆ ಒತ್ತಿ ಮಲಗಿ ಮೊಬೈಲ್ ನೋಡುವ ಹುಡುಗರಿಗೂ ಹತ್ತುತ್ತದೆ. ಜಗತ್ತಿನಲ್ಲಿ ಯಾವುದೇ ಹೊತ್ತಿಗೆ ಸುಮಾರು 20 ಕೋಟಿ ಜನರಿಗೆ ಕಜ್ಜಿ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2017ರಲ್ಲಿ ಅವರು ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದರು. ಅಷ್ಟೂ ಜನ ತಪ್ಪು ಮಾಡಿದವರೇ?

ಉಪದೇಶ ಮಾಡುವ ಆ ಗೆಳೆಯನ ಬೆರಳ ಸಂದಿ ಒಮ್ಮೆ ನೋಡು. ರೂಮಿನವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಹಾಸ್ಟೆಲುಗಳಲ್ಲಿ ಎಲ್ಲರೂ ಮೈಗೆಲ್ಲ ಹಚ್ಚುವುದು ಆಗದ ಮಾತೆಂದು ನಾವು ಎಷ್ಟೋ ಸಲ ಐವರ್ಮೆಕ್ಟಿನ್ ಗುಳಿಗೆ ಕೊಡುತ್ತೇವೆ. ತೂಕದ ಮೇಲೆ ಡೋಸು: ಕಿಲೋಗೆ 200 ಮೈಕ್ರೋಗ್ರಾಂ, 60 ಕಿಲೋ ಇದ್ದವರಿಗೆ 12 ಮಿಲಿಗ್ರಾಂ. ಊಟದ ಜೊತೆ ಒಂದು ಸಲ, ಒಂದೆರಡು ವಾರ ಬಿಟ್ಟು ಇನ್ನೊಂದು ಸಲ. ಕೊರೋನಾ ಕಾಲದಲ್ಲಿ ಕಂಡಕಂಡವರು ನುಂಗಿದ ಗುಳಿಗೆಯೇ ಇದು. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಾಣುವಿನಿಂದ ಬಂದದ್ದು, 2015ರ ವೈದ್ಯಕೀಯ ನೊಬೆಲ್‌ನ ಅರ್ಧ ಪಾಲು ಇದಕ್ಕೇ ಸಂದದ್ದು. ಕೊರೋನಾಕ್ಕೆ ಅಲ್ಲದಿದ್ದರೂ ಕಜ್ಜಿಗೆ ಅದು ಖರೇ ಔಷಧ. ವಾರ್ಡನ್ ಮೂಲಕ ಡಾಕ್ಟರನ್ನು ಕರೆಸಿ, ಅಂಗಡಿಯಿಂದ ನೀನೇ ತಂದು ನುಂಗಬೇಡ.

ಊರಿಗೆ ಹೋಗು. ಅವ್ವ ದಾರಿ ಕಾಯುತ್ತಿರುತ್ತಾಳೆ.

*

“ಟ್ಯೂಬಿನ ಮ್ಯಾಲ ಪರ್ಮೆಥ್ರಿನ್ ಅಂತ ಬರದೈತಿ. ನಮ್ಮನ್ಯಾಗ ಹತ್ತಿಗೆ ಹೊಡಿಯೋ ಸೈಪರ್‌ಮೆಥ್ರಿನ್ ಅರ್ಧ ಡಬ್ಬಿ ಉಳದೈತಿ. ಎರಡೂ ಒಂದ ಜಾತಿ ಅಂತಾರ. ನೀರ ಕೂಡ್ಸಿ ಹಚ್ಚಿಕೊಂಡ್ರ ನಡಿತೈತೇನ್ರಿ?”
ರೈತ, ಹುನಗುಂದ ತಾಲೂಕು

ನಡಿಯಂಗಿಲ್ಲ. ಮುಟ್ಟಬ್ಯಾಡ್ರಿ.

ಜಾತಿ ಒಂದೇ ಎನ್ನುವುದು ನಿಜ. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿ ಹುಳಗಳ ನರ ಕೆಡಿಸುವ ಅಂಶವಿದೆ. ಅದನ್ನು ನೋಡಿ ಕಾರಖಾನೆಯಲ್ಲಿ ತಯಾರಿಸಿದ ಸಂತಾನ ಇವೆರಡೂ. ಆದರೆ ಟ್ಯೂಬಿನಲ್ಲಿರುವುದು ಮೈಗೆಂದೇ ಮಾಡಿದ ನೂರಕ್ಕೆ ಐದರ ಕ್ರೀಮು. ನಿಮ್ಮ ಡಬ್ಬಿಯಲ್ಲಿರುವುದು ನೂರಕ್ಕೆ ಹತ್ತೋ ಇಪ್ಪತ್ತೈದೋ, ಅದೂ ಮೈಗೆ ಆಗದ ದ್ರಾವಣಗಳಲ್ಲಿ ಕಲಸಿದ್ದು. ಕೆರೆದು ಕೆರೆದು ಹರಿದ ಚರ್ಮದ ಮೂಲಕ ಅದು ಸೀದಾ ಒಳಗಿಳಿಯುತ್ತದೆ. ಯಾರಾದರೂ ಆಗಲೇ ಹಚ್ಚಿಕೊಂಡಿದ್ದರೆ ಬಟ್ಟೆ ತೆಗೆದು, ಸಾಬೂನು ಹಾಕಿ ನೀರು ಸುರಿಸಿ ತೊಳೆಯಿರಿ, ಡಬ್ಬಿ ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ. ಕುರಿಗೆ ಚುಚ್ಚುವ ಐವರ್ಮೆಕ್ಟಿನ್ ಸೀಸೆಗೂ ಇದೇ ಮಾತು, ಕುರಿಗಾರರು ಕೇಳುವ ಮೊದಲೇ ಹೇಳಿಬಿಡುತ್ತೇನೆ.

*

“ನಿಂಬಿ ತೋಟದವ, ವಯಸ್ಸು 68. ವರ್ಷದ ಹಿಂದ ತೊಡಿಸಂದ್ಯಾಗ ದುಂಡಗ ಕೆಂಪಗ ಆಗಿತ್ತು. ಮೆಡಿಕಲ್ ಅಂಗಡ್ಯಾಗ ಒಂದು ಕ್ರೀಮ್ ಕೊಟ್ಟ. ಹಚ್ಚಿದ ಎರಡು ತಾಸಿನ್ಯಾಗ ತಿಂಡಿ ಮಾಯ! ಬಿಟ್ರ ಮತ್ತ ಬರ್ತೈತಿ, ಹಚ್ಚಿದ್ರ ಹೋಗ್ತೈತಿ. ಈಗ ಬೆರಳಿಗೂ ಬಂದೈತಿ, ಮನಿಯಾಕಿಗೂ ಬಂದೈತಿ. ಟ್ಯೂಬಿನ ಫೋಟೊ ಕಳಿಸೀನಿ. ಇದನ್ನ ಇನ್ನ ಎಷ್ಟ್ ದಿನ ಹಚ್ಚಬೇಕು?”
ಹಿರಿಯ ಓದುಗರು, ಇಂಡಿ

ಯಜಮಾನ್ರ, ಒಂದು ದಿನವೂ ಬೇಡ.

ಫೋಟೊ ನೋಡಿದೆ. ಅದರಲ್ಲಿ ಮೂರು ನಾಲ್ಕು ಔಷಧ ಕಲಸಿದ್ದಾರೆ, ನಡುವೆ ಕ್ಲೊಬೆಟಾಸಾಲ್ ಎಂಬ ಜೋರು ಸ್ಟೆರಾಯ್ಡ್ ಕೂತಿದೆ. ಎರಡು ತಾಸಿನಲ್ಲಿ ತಿಂಡಿ ಮಾಯವಾಗುವ ಜಾದೂ ಅದರದ್ದು. ಅದು ರೋಗ ಕೊಲ್ಲುವುದಿಲ್ಲ, ಚರ್ಮದ ಕೂಗನ್ನು ಅಡಗಿಸುತ್ತದೆ. ಕೂಗು ಅಡಗಿದ ಮೇಲೆ ಕಳ್ಳ ನಿಶ್ಚಿಂತೆಯಿಂದ ಮನೆಯೆಲ್ಲ ಅಡ್ಡಾಡುತ್ತಾನೆ.

ನೀವು ಬರೆದದ್ದನ್ನು ಓದಿದರೆ ಎರಡು ರೋಗ ಕೂಡಿದಂತೆ ಕಾಣುತ್ತದೆ. ತೊಡೆಸಂದಿಯಲ್ಲಿ ದುಂಡಗೆ, ಅಂಚು ಉಬ್ಬಿ, ನಡುವೆ ತಿಳಿಯಾಗಿ ಹರಡುವುದು ಹುಳಕಡ್ಡಿ, ಗಜಕರ್ಣ ಅನ್ನುತ್ತೇವಲ್ಲ ಅದು. ಹೆಸರಲ್ಲಿ ಹುಳ ಇದ್ದರೂ ಅದು ಬೂಷ್ಟು, ಅದರ ಔಷಧವೇ ಬೇರೆ. ಬೆರಳ ಸಂದಿಗೆ ಬಂದು ಹೆಂಡತಿಗೂ ಹತ್ತಿದ್ದು ಕಜ್ಜಿ ಇರಬಹುದು. ಆದರೆ ವರ್ಷಗಟ್ಟಲೆ ಸ್ಟೆರಾಯ್ಡ್ ಹಚ್ಚಿದ ಚರ್ಮದಲ್ಲಿ ಎರಡರ ಚಹರೆಯೂ ಅಳಿಸಿಹೋಗಿರುತ್ತದೆ. ಕಾಗದದ ಮೇಲೆ ಖಾತ್ರಿಯಾಗಿ ಹೇಳಲಾರೆ. ವಿಜಯಪುರಕ್ಕೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ. ಬಿಟ್ಟ ಕೂಡಲೇ ಕೆಲವು ದಿನ ಕೆಂಪು, ಉರಿ, ತುರಿಕೆ ಜೋರಾಗುತ್ತವೆ. ಹೆದರಿ ಮತ್ತೆ ಅದೇ ಟ್ಯೂಬು ಹಿಡಿಯಬೇಡಿ. ಸಕ್ಕರೆ ಕಾಯಿಲೆ ಇದೆಯೇ ಎಂದೂ ನೋಡಿಸಿಕೊಳ್ಳಿ.

ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲೇ ಕೇಂದ್ರ ಸರಕಾರ ನಿಯಮ ಬಿಗಿ ಮಾಡಿತು. ಅಂಗಡಿಯವರು ಮಾರುತ್ತಲೇ ಇದ್ದಾರೆ, ನಾವು ಕೊಳ್ಳುತ್ತಲೇ ಇದ್ದೇವೆ. ಓದಲು ಬರುವ ಮೊಮ್ಮಕ್ಕಳಿದ್ದರೆ ಟ್ಯೂಬಿನ ಸಣ್ಣ ಅಕ್ಷರ ಓದಿಸಿ. ಕ್ಲೊಬೆಟಾಸಾಲ್, ಬೀಟಾಮೆಥಾಸೋನ್ ಎಂದು ಕಂಡರೆ ಹಿಂದಕ್ಕೆ ಕೊಡಿ.

ವಯಸ್ಸಾದವರಿಗೊಂದು ಮಾತು. ಕಜ್ಜಿ ಎಂದು ಖಾತ್ರಿಯಾದರೆ ನೀವು ತಲೆಗೂ, ಕಿವಿ ಹಿಂದೆಯೂ ಹಚ್ಚಬೇಕಾದೀತು. ಕೈಕಾಲಿನ ಚರ್ಮ ದಪ್ಪಗಾಗಿ, ಹೊಟ್ಟು ಹೊಟ್ಟಾಗಿ ಉದುರುತ್ತ, ತುರಿಕೆ ಮಾತ್ರ ಕಡಿಮೆ ಇದ್ದರೆ ಇನ್ನೂ ಬೇಗ ಹೋಗಿ. ಶಕ್ತಿ ಕುಗ್ಗಿದವರಲ್ಲಿ, ಸ್ಟೆರಾಯ್ಡ್ ಹಚ್ಚಿದವರಲ್ಲಿ ಕಜ್ಜಿ ಹೀಗೂ ತಿರುಗುತ್ತದೆ. ಆಗ ಹುಳ ಹತ್ತು ಹದಿನೈದಲ್ಲ, ಸಾವಿರಗಟ್ಟಲೆ.

*

“ಮಗಳು ಬಾಣಂತನಕ್ಕ ಬಂದಾಳ. ಕೂಸಿಗೆ ನಲವತ್ತು ದಿನ. ಅಂಗಾಲು, ಅಂಗೈಯಾಗ ನೀರಗುಳ್ಳಿ ಎದ್ದಾವು, ರಾತ್ರಿಯೆಲ್ಲಾ ಅಳತೈತಿ. ಮಗಳ ಕೈಯಾಗೂ ಅದಾವು. ದೃಷ್ಟಿ ತಗದ್ವಿ, ಬೇವಿನ ತಪ್ಪಲ ನೀರು ಎರದ್ವಿ. ಕೂಸಿಗೆ ಕ್ರೀಮ್ ಹಚ್ಚಾಕ ಅಂಜಿಕಿ ಬರ್ತೈತಿ.”
ಅಜ್ಜಿ, ಜಮಖಂಡಿ

ಅಂಜಿದ್ದು ಒಳ್ಳೆಯದೇ ಆಯಿತು, ಅವ್ವಾ. ಅಂಗಾಲು, ಅಂಗೈಯ ಗುಳ್ಳೆ ಹಸುಗೂಸಿನಲ್ಲಿ ಕಜ್ಜಿಯ ದೊಡ್ಡ ಗುರುತು. ಪರ್ಮೆಥ್ರಿನ್ ಎರಡು ತಿಂಗಳು ತುಂಬಿದ ಮೇಲೆ ಧೈರ್ಯವಾಗಿ ಹಚ್ಚಬಹುದು. ನಿಮ್ಮ ಕೂಸು ಇನ್ನೂ ಅಷ್ಟಾಗಿಲ್ಲ, ಆದ್ದರಿಂದ ಮಕ್ಕಳ ಡಾಕ್ಟರು ಕಣ್ಣಾರೆ ನೋಡಿಯೇ ನಿರ್ಧರಿಸಬೇಕು. ಹೆಚ್ಚಾಗಿ ಗಂಧಕದ ಮುಲಾಮು ಬರೆದುಕೊಡುತ್ತಾರೆ, ಸಾಮಾನ್ಯವಾಗಿ ಮೂರು ರಾತ್ರಿ ಹಚ್ಚುವುದು. ವಾಸನೆ ಕೆಟ್ಟದ್ದು, ಬಟ್ಟೆಗೆ ಕಲೆ. ನಮ್ಮ ಆಯಿ ಗಂಧಕವನ್ನು ಕೊಬ್ಬರಿ ಎಣ್ಣೆಯಲ್ಲಿ ಅರೆದು ನಮಗೆಲ್ಲ ಮೆತ್ತುತ್ತಿದ್ದಳು; ಒಂದು ವಾರ ಸಾಲಿಯಲ್ಲಿ ನಮ್ಮ ಪಕ್ಕ ಯಾರೂ ಕೂಡುತ್ತಿರಲಿಲ್ಲ. ಆಯಿಯ ಬುದ್ಧಿ ಸರಿಯೇ ಇತ್ತು. ಆದರೆ ಕೂಸಿಗೆ ಮನೆಯಲ್ಲಿ ಅರೆದದ್ದು ಬೇಡ, ಅಳತೆ ತಪ್ಪಿದರೆ ಸುಡುತ್ತದೆ.

ಬಾಣಂತಿ ಪರ್ಮೆಥ್ರಿನ್ ಹಚ್ಚಿಕೊಳ್ಳಬಹುದು, ಗರ್ಭಿಣಿಯೂ ಹಚ್ಚಿಕೊಳ್ಳಬಹುದು. ಹಾಲು ಕೊಡುವ ಮೊದಲು ಮೊಲೆಯ ತೊಟ್ಟು ತೊಳೆದು, ಕುಡಿಸಿದ ಮೇಲೆ ಮತ್ತೆ ಹಚ್ಚಲಿ. ಐವರ್ಮೆಕ್ಟಿನ್ ಗುಳಿಗೆ ಮಾತ್ರ ಗರ್ಭಿಣಿಗೆ ಬೇಡ, 15 ಕಿಲೋ ಒಳಗಿನ ಮಕ್ಕಳಿಗೂ ಬೇಡ. ಕೂಸಿಗೆ ಮುಲಾಮು ಹಚ್ಚಿದ ರಾತ್ರಿ ಕೈಗೆ ಹತ್ತಿಯ ಚೀಲ ಕಟ್ಟಿ, ಬಾಯಿಗೆ ಹಾಕಿಕೊಳ್ಳದಂತೆ. ಕುಂಚಿಗೆ ಒಗೆಯಿರಿ.

ಎಣ್ಣೆ ಹಚ್ಚಿ ಎರೆಯಲು ಬರುವ ಆಯಿಯ ಕೈಯನ್ನೂ ಒಮ್ಮೆ ನೋಡಿ. ದಿನಕ್ಕೆ ನಾಲ್ಕು ಮನೆಯ ಕೂಸುಗಳನ್ನು ಕಾಲಮೇಲೆ ಹಾಕಿಕೊಂಡು ತಿಕ್ಕುವವಳು ಆಕೆ. ಅವಳಿಂದ ಬಂತೋ, ಅವಳಿಗೇ ನಿಮ್ಮಿಂದ ಹೋಯಿತೋ, ಅದನ್ನು ಕೆದಕಬೇಡಿ. ಒಂದು ಟ್ಯೂಬು ಅವಳಿಗೂ ಕೊಡಿಸಿ. ಬೇವಿನ ನೀರು ತಂಪಿಗೆ ಆದೀತು, ಹುಳಕ್ಕೆ ಸಾಲದು.

*

“ನಾಯಿಗೆ ಕಜ್ಜಿ ಆಗೈತಿ. ನಮಗೂ ಬರ್ತೈತೇನ್ರಿ?”
ಬಸವನ ಬಾಗೇವಾಡಿ

ನಾಯಿಯ ಹುಳ ಬೇರೆ ತಳಿ. ನಿಮ್ಮನ್ನು ಕಚ್ಚಿ ನಾಲ್ಕು ದಿನ ತುರಿಸಬಹುದು, ಮನುಷ್ಯರ ಮೈಮೇಲೆ ಸಂಸಾರ ಹೂಡಲಾರದು. ನಾಯಿಯನ್ನು ದನದ ದವಾಖಾನೆಗೆ ಒಯ್ಯಿರಿ.

*

“ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ಮೂರನೇ ತರಗತಿಯ ಹುಡುಗನೊಬ್ಬನಿಗೆ ತಿಂಗಳಿಂದ ಕಜ್ಜಿ. ಕೆರೆದು ಕೆರೆದು ಕೈಯೆಲ್ಲ ಕೀವುಗುಳ್ಳೆ. ಉಳಿದ ಮಕ್ಕಳ ಪಾಲಕರು ಅವನನ್ನು ಬಿಡಿಸಿ ಅನ್ನುತ್ತಿದ್ದಾರೆ. ನಾಲ್ಕು ದಿನದಿಂದ ಅವನ ಮುಖ, ಕಣ್ಣ ಸುತ್ತ ಊದಿದಂತೆ ಕಾಣುತ್ತದೆ. ಉಚ್ಚೆ ಚಹಾದ ಬಣ್ಣ ಬರುತ್ತದೆ ಎಂದ. ಇದೂ ಕಜ್ಜಿಯ ಅಲರ್ಜಿಯೇ?”
ಬೀಳಗಿ ತಾಲೂಕು

ಈ ಕಾಗದಕ್ಕೆ ಪತ್ರಿಕೆ ಅಚ್ಚಾಗುವವರೆಗೆ ಕಾಯಲಿಲ್ಲ. ಕೆಳಗೆ ಬರೆದಿದ್ದ ನಂಬರಿಗೆ ಅವತ್ತೇ ಫೋನ್ ಮಾಡಿದೆ. ಉಳಿದವರಿಗೆ ಗೊತ್ತಿರಲೆಂದು ಇಲ್ಲಿ ಹಾಕುತ್ತಿದ್ದೇನೆ.

ಕೆರೆದ ಗಾಯದೊಳಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಕೆಲವು ಮಕ್ಕಳಲ್ಲಿ ಅದಾಗಿ ಎರಡು ಮೂರು ವಾರಕ್ಕೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಮುಂಜಾನೆ ಕಣ್ಣ ಸುತ್ತ ಬಾವು, ಚಹಾ ಬಣ್ಣದ ಉಚ್ಚೆ, ಉಚ್ಚೆ ಕಡಿಮೆಯಾಗುವುದು, ತಲೆನೋವು: ಇವು ಕಂಡ ದಿನವೇ ಆಸ್ಪತ್ರೆಗೆ ಒಯ್ಯಬೇಕು. ಕ್ರೀಮಿನ ಮಾತು ಆಮೇಲೆ. ಬೇಗ ನೋಡಿದರೆ ಹೆಚ್ಚಿನ ಮಕ್ಕಳು ಪೂರ್ತಿ ಸುಧಾರಿಸುತ್ತಾರೆ. ಕಜ್ಜಿಯಿಂದ ಯಾರೂ ಸಾಯುವುದಿಲ್ಲ ಅನ್ನುವವರಿದ್ದಾರೆ. ಅವರು ಈ ದಾರಿಯನ್ನು ನೋಡಿಲ್ಲ.

ಶಾಲೆಯಿಂದ ಬಿಡಿಸುವ ಪ್ರಶ್ನೆಯೇ ಇಲ್ಲ. ಒಂದು ರಾತ್ರಿ ಸರಿಯಾಗಿ ಹಚ್ಚಿ ತೊಳೆದರೆ ಮರುದಿನ ಮಗು ತರಗತಿಗೆ ಬರಬಹುದು. ಅವನ ಜೊತೆ ಕೈ ಹಿಡಿದು ಆಡುವ, ಒತ್ತಿ ಕೂರುವ ಮಕ್ಕಳ ಬೆರಳುಗಳನ್ನು ಅಕ್ಕೋರು ಒಮ್ಮೆ ನೋಡಿಬಿಟ್ಟರೆ, ಬಿಡಿಸಿ ಅನ್ನುವವರ ಮನೆಯಲ್ಲೂ ಒಂದೆರಡು ಸಿಕ್ಕಾವು.

ಅಕ್ಕೋರು ಅವತ್ತು ಸಂಜೆಯೇ ಹುಡುಗನ ಅಪ್ಪನನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಬಂದಿದ್ದರು. ಹುಡುಗ ಎಂಟು ದಿನ ಅಲ್ಲಿದ್ದ, ಬಾವು ಇಳಿದಿದೆ, ಉಪ್ಪಿಲ್ಲದ ಊಟಕ್ಕೆ ಸಿಟ್ಟು ಮಾಡುತ್ತಾನಂತೆ. ಮೊನ್ನೆ ಅವರು ಮತ್ತೆ ಫೋನ್ ಮಾಡಿದರು. ಆ ಮನೆಯಲ್ಲಿ ಒಂಬತ್ತು ಮಂದಿ, ದೊಡ್ಡವರು ಐದು, ಮಕ್ಕಳು ನಾಲ್ಕು. “ಹದಿನಾಲ್ಕು ಟ್ಯೂಬು ಬೇಕಲ್ರಿ ಬಾಯಾರ, ಎರಡೂ ಸಲಕ್ಕ ಹಿಡದು?” ಅಂದರು. ಲೆಕ್ಕ ಸರಿಯಾಗಿತ್ತು.